ಕೋದಂಡರಾಮಪ್ಪನ ಫ್ರಿಜ್ಜಿನಲ್ಲಿ ಹನ್ನೆರಡು ಚೂರು

ಮುಳಬಾಗಿಲಿನ ನಮ್ಮ ಬೀದಿಯಲ್ಲಿ ಫ್ರಿಜ್ ಇದ್ದದ್ದು ಒಂದೇ ಮನೆಯಲ್ಲಿ. ಅದು ನನ್ನ ಪಕ್ಕದ ಮನೆ. ನನ್ನದೇ ಆಫೀಸಿನ ಗುಮಾಸ್ತ ಕೋದಂಡರಾಮಪ್ಪನ ಮನೆ. ಕೆಜಿಎಫ್‌ನಲ್ಲಿ ಯಾರೋ ಆಂಗ್ಲೋ ಇಂಡಿಯನ್ ಕುಟುಂಬದವರು ಆಸ್ಟ್ರೇಲಿಯಾಕ್ಕೆ ಹೊರಟಾಗ ಮನೆಯ ಸಾಮಾನು ಮಾರಿದರು. ಮಂಚ ತರುತ್ತೇನೆಂದು ಹೋದ ಇವನು ಫ್ರಿಜ್ ತಂದ. ಹಾಗಾಗಿ ಮಲಗುವುದು ಈಗಲೂ ಚಾಪೆಯ ಮೇಲೆ. ಫ್ರಿಜ್ಜನ್ನು ಬೀದಿಯಿಂದಲೇ ಕಾಣುವಂತೆ ನಡುಮನೆಯಲ್ಲಿ ನಿಲ್ಲಿಸಿ, ತಲೆಗೆ ಕಸೂತಿ ಬಟ್ಟೆ ಹೊದಿಸಿ, ಮೇಲೊಂದು ಚನ್ನಪಟ್ಟಣದ ಗೊಂಬೆ ಕೂರಿಸಿದ. ಒಳಗೆ ಇಡುವುದಕ್ಕೆ ಪಾಪ ಅವನ ಹತ್ತಿರ ಏನೂ ಇರಲಿಲ್ಲ. ಇಟ್ಟವರೆಲ್ಲ ನಾವು ಬೀದಿಯವರು. ಹೂವು, ಹಾಲು, ನಮ್ಮ ಮಾವನವರ ಕಣ್ಣಿನ ಔಷಧಿ, ಎಲ್ಲ ಅಲ್ಲೇ.

ಫ್ರಿಜ್ ಬಂದ ಮೇಲೆ ಕೋದಂಡರಾಮಪ್ಪನ ನಡಿಗೆ ಬದಲಾಯಿತು. ಯಾವ ಮಾತು ತೆಗೆದರೂ ಅದು ಫ್ರಿಜ್ಜಿಗೆ ಹೋಗಿ ನಿಲ್ಲುತ್ತಿತ್ತು. ನಾನು ಹೂಂಗುಟ್ಟುತ್ತಿದ್ದೆ. ಬೇಸಿಗೆಯಲ್ಲಿ ತಣ್ಣೀರು ಕೊಡುವ ಮನುಷ್ಯನನ್ನು ಎದುರು ಹಾಕಿಕೊಳ್ಳುವಷ್ಟು ದಡ್ಡ ನಾನಲ್ಲ.

ಎಂಬತ್ತೆರಡನೆಯ ಇಸವಿ, ರಾಮನವಮಿಗೆ ಇನ್ನೊಂದು ವಾರ ಇತ್ತು. ನಮ್ಮ ಸಾಹೇಬರು ಶ್ರೀನಿವಾಸಪ್ಪನವರು ಆಫೀಸಿನ ನಡುವೆ ನಿಂತು, "ನಿಮ್ಮಲ್ಲಿ ಯಾರ ಮನೇಲಾದ್ರೂ ಫ್ರಿಜ್..." ಎಂದರು.

"ನಮ್ಮನೇಲಿದೆ ಸಾರ್!" ಕೋದಂಡರಾಮಪ್ಪ ಕುರ್ಚಿ ಬಿಟ್ಟು ಎದ್ದೇಬಿಟ್ಟಿದ್ದ. ಸಾಹೇಬರು ವಾಕ್ಯ ಮುಗಿಸಿರಲಿಲ್ಲ. ಮುಗಿಸುವವರೆಗೆ ಕಾದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸಾಹೇಬರ ಮನೆಯ ಗಾಜಿನ ತೊಟ್ಟಿಯ ವಿಷಯ ಊರಿಗೇ ಗೊತ್ತು. ಅದರಲ್ಲಿ ಇದ್ದದ್ದು ಕೆರೆಯ ಮೀನಲ್ಲ, ಸಮುದ್ರದ ಮೀನು. ನೀರೂ ಸಮುದ್ರದ್ದೇ, ಮದರಾಸಿನಿಂದ ಕ್ಯಾನುಗಳಲ್ಲಿ ಲಾರಿಯ ಮೇಲೆ ಬರುತ್ತಿತ್ತು. ಒಳಗೆ ಹವಳದ ಕಲ್ಲು, ಬೆರಳುಗಳನ್ನು ಆಡಿಸುವ ಹೂವಿನಂಥ ಒಂದು ಜೀವ, ಅದರ ಮಡಿಲಲ್ಲಿ ಮಲಗುವ ಕಿತ್ತಳೆ ಬಣ್ಣದ ಎರಡು ಮೀನು. ಸಾಹೇಬರಿಗೆ ಮಕ್ಕಳಿಲ್ಲ, ಅವನ್ನೇ ಹೆಸರಿಟ್ಟು ಕರೆಯುತ್ತಿದ್ದರು. ಈಗ ಹೆಂಡತಿಯ ತವರಿನಲ್ಲಿ ಮದುವೆ, ಹನ್ನೆರಡು ದಿನ ಊರಲ್ಲಿ ಇರುವುದಿಲ್ಲ. ಅವರ ಫ್ರಿಜ್ ಕೆಟ್ಟು ಬೆಂಗಳೂರಿಗೆ ರಿಪೇರಿಗೆ ಹೋಗಿದೆ. ಮೀನಿನ ಆಹಾರವನ್ನು ಹೊಸದಾಗಿ ಮಾಡಿ, ಐಸಿನಲ್ಲಿ ಗಟ್ಟಿಮಾಡಿಟ್ಟು, ದಿನವೂ ಹಾಕಿಬರುವುದಕ್ಕೆ ಜನ ಬೇಕು.

"ಆಹಾರ ಅಂದ್ರೆ ಸಾರ್... ಮಂಡಕ್ಕಿ ತರಹದ್ದಾ?" ಎಂದ ಕೋದಂಡರಾಮಪ್ಪ.

"ಸೀಗಡಿ," ಎಂದರು ಸಾಹೇಬರು. ಮನೆಯ ಬೀಗದ ಕೈ, ಎರಡು ಪುಟದ ಸೂಚನೆ, ಎರಡನ್ನೂ ಅವನ ಕೈಗಿಟ್ಟರು. "ಒಂದು ಮೀನು ಸತ್ರೂ ನೀವು ರಾಯಲ್ಪಾಡಿಗೆ ವರ್ಗ. ನೆನಪಿರ್ಲಿ."

ರಾಯಲ್ಪಾಡು ಆಂಧ್ರದ ಗಡಿಯ ಮೂಲೆ, ಅಲ್ಲಿಗೆ ವರ್ಗವೆಂದರೆ ಶಿಕ್ಷೆಯೇ. ಆದರೆ ರಾಯಲ್ಪಾಡಿಗಲ್ಲ, ಅವನು ಹೆದರಿದ್ದು ಅಮ್ಮನಿಗೆ.

ತಾಯಿ ರಾಮಲಕ್ಷ್ಮಮ್ಮನವರ ಮಾವನ ಕಾಲದಲ್ಲಿ ಆ ಮನೆಯವರು ಭಜನೆ ಮಂದಿರ ಕಟ್ಟಿಸಿ ಮೀನು ಮಾಂಸ ಬಿಟ್ಟವರು. ಆಕೆ ಆ ವ್ರತವನ್ನು ನಲವತ್ತು ವರ್ಷ ಒಂದು ಕೂದಲೆಳೆಯಷ್ಟೂ ಅಲುಗಾಡದಂತೆ ಹಿಡಿದಿದ್ದರು. ಎಂಟು ವರ್ಷದ ಹಿಂದೆ ಇವನು ಕೂದಲು ಉದುರುತ್ತದೆಂದು ತಲೆಗೆ ಹಚ್ಚಿಕೊಳ್ಳಲು ಬಚ್ಚಲಲ್ಲಿ ಒಂದು ಕೋಳಿಮೊಟ್ಟೆ ಒಡೆದಿದ್ದ. ಸಿಪ್ಪೆ ಸಿಕ್ಕಿತು. ಆಕೆ ಬೈಯಲಿಲ್ಲ. ಎರಡು ಸೀರೆ, ತುಳಸಿಮಣಿ, ನಶ್ಯದ ಡಬ್ಬಿ ಗಂಟು ಕಟ್ಟಿಕೊಂಡು ಆವನಿಯ ತಂಗಿಯ ಮನೆಗೆ ಹೋದವರು ಎರಡು ತಿಂಗಳು ಬರಲಿಲ್ಲ. ಬಂದ ದಿನ ಹೇಳಿದ್ದು ಒಂದೇ ಮಾತು. "ಇನ್ನೊಂದ್ಸಲ ಹೋದ್ರೆ ಬರಲ್ಲ ಕಣೋ." ಮೂವತ್ತಾರು ವರ್ಷದ ಬ್ರಹ್ಮಚಾರಿ ಕೋದಂಡರಾಮಪ್ಪನಿಗೆ ಈ ಲೋಕದಲ್ಲಿ ಅಮ್ಮನನ್ನು ಬಿಟ್ಟರೆ ಇದ್ದದ್ದು ಆ ಫ್ರಿಜ್ ಮಾತ್ರ.

ಅಡಿಗೆ ನಡೆದದ್ದು ನಮ್ಮ ಆಫೀಸಿನ ಜೀಪ್ ಡ್ರೈವರ್ ಪೀರ್ ಸಾಬ್‌ನ ಹಿತ್ತಲಲ್ಲಿ. ಇದನ್ನೆಲ್ಲ ಆಮೇಲೆ ಕೋದಂಡರಾಮಪ್ಪನೇ ನನಗೆ ಹೇಳಿದ್ದು, ಹೇಳುವಾಗಲೂ ಮೂಗು ಮುಚ್ಚಿಕೊಂಡಿದ್ದ. ಮದರಾಸು ರಸ್ತೆಯಲ್ಲಿ ಮೀನಿನ ಲಾರಿ ನಿಲ್ಲಿಸಿ ಪೀರ್ ಸಾಬ್ ಸೀಗಡಿ ತಂದ. ಅವನ ಹೆಂಡತಿ ದಿಲ್ಷಾದ್ ಈಳಿಗೆ ಮಣೆಯ ಮುಂದೆ ಕೂತಳು. ಎರಡೂ ಮೂಗಿನ ಹೊಳ್ಳೆಗೆ ಹತ್ತಿ ತುರುಕಿಕೊಂಡ ಕೋದಂಡರಾಮಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತು ಸೂಚನೆ ಓದಿದ.

"ತಲೆ, ಸಿಪ್ಪೆ ತೆಗೀಬೇಕು. ತಣ್ಣೀರಲ್ಲಿ ತೊಳೀಬೇಕು. ಬೇಯಿಸಬಾರದು. ಸಣ್ಣಗೆ, ಹೆಸರುಕಾಳಿನ ಗಾತ್ರಕ್ಕೆ ಕೊಚ್ಚಬೇಕು."

"ಉಪ್ಪು?"

"ಹಾಕಬಾರದು."

"ಶುಂಠಿ ಬೆಳ್ಳುಳ್ಳಿ?"

"ಏನೂ ಹಾಕಬಾರದು ಅಂತ ಕೆಂಪು ಇಂಕಲ್ಲಿ ಬರ್ದಿದಾರಮ್ಮ!"

"ಯಾ ಅಲ್ಲಾ, ತಿನ್ನೋರಿಗೆ ಬಾಯಿಗೆ ಹತ್ತಬೇಕಲ್ಲ ಭಾಯ್?"

"ತಿನ್ನೋದು ಮೀನು ಕಣಮ್ಮ."

"ಮೀನಾದ್ರೆ? ಅದಕ್ಕೂ ಬಾಯಿ ಕೊಟ್ಟವ್ನೆ ದೇವ್ರು," ಎಂದು ದಿಲ್ಷಾದ್ ಬೇಜಾರು ಮಾಡಿಕೊಂಡಳು. ಅತಿಥಿ ಯಾರೇ ಆಗಲಿ, ಅವಳ ಕೈಯಿಂದ ಸಪ್ಪೆ ಊಟ ಹೋದದ್ದು ಅದೇ ಮೊದಲಂತೆ.

ಬಣ್ಣಕ್ಕೆ ಕ್ಯಾರೆಟ್ ಅರೆದು ಹಾಕಿದ್ದಾಯಿತು, ಸೊಪ್ಪಿನ ಸತ್ವಕ್ಕೆ ಪಾಲಕ್ ಹೆಚ್ಚಿ ಹಾಕಿದ್ದಾಯಿತು. ಎಲ್ಲ ಹಿಡಿದು ನಿಲ್ಲಲು, ಕಳೆದ ರಂಜಾನಿನ ಸಿಹಿಗೆ ತಂದು ಉಳಿದಿದ್ದ ಚೈನಾ ಗ್ರಾಸನ್ನು ದಿಲ್ಷಾದ್ ಬಿಸಿನೀರಲ್ಲಿ ಕರಗಿಸಿ, ಆರಿಸಿ ಕಲಸಿದಳು. ಫ್ರಿಜ್ಜಿನ ಐಸ್ ತಟ್ಟೆಗೆ ಹನ್ನೆರಡು ಗುಳಿ. ದಿನಕ್ಕೊಂದು ಚೂರು ಲೆಕ್ಕ. ಆ ಚೂರನ್ನು ತೊಟ್ಟಿಯ ನೀರಲ್ಲೇ ಕರಗಿಸಿ, ಟೀ ಜರಡಿಯಲ್ಲಿ ಸೋಸಿ, ಇಳಿದ ರಸ ಚೆಲ್ಲಿ, ಉಳಿದದ್ದನ್ನು ಮಾತ್ರ ಹಾಕಬೇಕು. ಹೆಚ್ಚಾದರೆ ನೀರು ಕೆಟ್ಟು ಎಲ್ಲ ಸಾಯುತ್ತವೆ ಎಂಬುದರ ಕೆಳಗೆ ಸಾಹೇಬರು ಎರಡು ಗೆರೆ ಎಳೆದಿದ್ದರು.

ಭಾನುವಾರ ಮಧ್ಯಾಹ್ನ ಅಮ್ಮ ನಿದ್ದೆಯಲ್ಲಿದ್ದಾಗ ಕೋದಂಡರಾಮಪ್ಪ ತಟ್ಟೆಯನ್ನು ಟವೆಲಿನಲ್ಲಿ ಮುಚ್ಚಿ ತಂದು ಐಸಿನ ಅರೆಯೊಳಗೆ ನೂಕಿದ. ವಾಸನೆಯ ಚಿಂತೆ ಅಷ್ಟಾಗಿ ಇರಲಿಲ್ಲ. ನಲವತ್ತು ವರ್ಷ ನಶ್ಯ ಏರಿಸಿದ ಅಮ್ಮನ ಮೂಗಿಗೆ ಒಲೆಯ ಮೇಲೆ ಹಾಲು ಸೀದರೂ ತಿಳಿಯುತ್ತಿರಲಿಲ್ಲ.

ಸಂಜೆ ಭಜನೆ ಮಂಡಳಿಯ ಅಧ್ಯಕ್ಷರು ವೆಂಕಟರಾಯಪ್ಪನವರು ಬಂದರು. ರಿಟೈರಾದ ಹೆಡ್‌ಮಾಸ್ಟರು, ನಾಮ ಎಳೆದ ಹಣೆ, ಊರಿನ ಆಚಾರ ವಿಚಾರಕ್ಕೆಲ್ಲ ಅವರದೇ ತೀರ್ಪು. ಈರುಳ್ಳಿ ತಿಂದು ಬಂದನೆಂದು ಒಬ್ಬ ತಾಳದವನನ್ನು ಮಂದಿರದಿಂದ ಇಳಿಸಿದ್ದ ಪುಣ್ಯಾತ್ಮರು. ಹಬ್ಬದ ತುಳಸಿಹಾರ ಇಡಲು ಫ್ರಿಜ್ಜಿನ ಬಾಗಿಲು ತೆಗೆದವರು ಐಸಿನ ಅರೆಯಲ್ಲೂ ಕಣ್ಣಾಡಿಸಿದರು.

"ಏನಯ್ಯಾ ಇದು? ಕಿತ್ತಳೆ ಬಣ್ಣ, ಹಸಿರು ಎಲೆ ಬೇರೆ..."

ರಾಮಲಕ್ಷ್ಮಮ್ಮನವರೂ ಬಂದು ಇಣುಕಿದರು. ಕೋದಂಡರಾಮಪ್ಪ ಇಬ್ಬರ ನಡುವೆ ಸಿಕ್ಕಿಬಿದ್ದ.

"ಕರಬೂಜ!" ಎಂದ. "ಕರಬೂಜದ ರಸ... ತುಳಸಿ ಹಾಕಿ... ಪಾನಕಕ್ಕೆ. ರಾಮನವಮಿ ಪಾನಕಕ್ಕೆ ಅಂತ."

"ಶಹಬ್ಬಾಸ್!" ಎಂದರು ವೆಂಕಟರಾಯಪ್ಪನವರು. "ಮನೆತನ ಅಂದ್ರೆ ಇದು. ಈ ಸಲದ ಪಾನಕಕ್ಕೆ ಐಸ್ ಕರಬೂಜ! ಊರಿಗೆಲ್ಲ ಹೇಳ್ತೀನಿ."

ಅಮ್ಮ ಒಂದು ಚಿಟಿಕೆ ನಶ್ಯ ಏರಿಸಿ ಒಳಗೆ ಹೋದರು.

ಆ ಐದು ದಿನ ಅವನು ಬದುಕಿದ್ದು ಹೇಗೋ. ಬೆಳಿಗ್ಗೆ ಲೋಟದಲ್ಲಿ ಒಂದು ಚೂರು ಬಚ್ಚಿಟ್ಟುಕೊಂಡು ಸಾಹೇಬರ ಮನೆಗೆ ಓಡುವುದು, ಕರಗಿಸಿ ಸೋಸಿ ಹಾಕುವುದು, ಮೀನು ಬಾಯಿ ತೆರೆಯುವವರೆಗೆ ತಾನು ಉಸಿರು ಹಿಡಿದು ನಿಲ್ಲುವುದು. ಕರೆಂಟು ಹೋದರೆ ಫ್ರಿಜ್ಜಿಗೆ ಕಂಬಳಿ ಹೊದಿಸಿ ಕೂರುತ್ತಿದ್ದ. ಬೀದಿಯಲ್ಲಿ ಸಿಕ್ಕಿದವರೆಲ್ಲ, "ನಿಮ್ಮ ಕರಬೂಜಕ್ಕೇ ಕಾಯ್ತಿದೀವಿ," ಎನ್ನುತ್ತಿದ್ದರು. ಅಮ್ಮ ದಿನಕ್ಕೊಂದು ಸಲ ಅವನ ಮುಖ ನೋಡಿ, "ಏನಾದ್ರೂ ಹೇಳೋದಿದೆಯೇನೋ?" ಎಂದು ಕೇಳುತ್ತಿದ್ದರು. "ಏನಿಲ್ಲಮ್ಮ," ಎನ್ನುತ್ತಿದ್ದ. ಗುರುವಾರ ಸಂಜೆ ಸಂತೆಯಿಂದ ಎರಡು ನಿಜವಾದ ಕರಬೂಜ ತಂದು, ಅರೆದು ಪಾತ್ರೆಯಲ್ಲಿ ಇಟ್ಟ ಮೇಲೆ ಅವನಿಗೆ ಸ್ವಲ್ಪ ಧೈರ್ಯ ಬಂತು. ಪಾನಕಕ್ಕೆ ಅದನ್ನೇ ಕೊಟ್ಟರಾಯಿತು ಎಂದುಕೊಂಡ.

ಶುಕ್ರವಾರ ರಾಮನವಮಿ. ಮೀನಿಗೆ ಐದನೆಯ ಚೂರು ಹಾಕಿ, ಸಾಹೇಬರ ಮನೆಗೆ ಬೀಗ ಹಾಕಿಕೊಂಡು ಬಂದು ಫ್ರಿಜ್ ತೆಗೆದ. ಕರಬೂಜದ ಪಾತ್ರೆ ಇದೆ. ಐಸ್ ತಟ್ಟೆ ಇಲ್ಲ. ಮನೆಯಲ್ಲಿ ಅಮ್ಮನೂ ಇಲ್ಲ.

ನಾನು ಮಂದಿರದ ಚಪ್ಪರದ ಕೆಳಗೆ ಕೋಸಂಬರಿ ತಿನ್ನುತ್ತಿದ್ದೆ. ಕೋದಂಡರಾಮಪ್ಪ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಓಡಿಬಂದು ನನ್ನ ತೋಳು ಹಿಡಿದ.

"ಪಾನಕ ಕುಡಿದ್ಯಾ?"

"ಎರಡು ಲೋಟ. ಈ ಸಲ ಭಾಳ ಚೆನ್ನಾಗಿದೆ."

"ಎರಡಾ!" ಎಂದು ಅವನು ಕಿವಿಯಲ್ಲಿ ಎಲ್ಲವನ್ನೂ ಹೇಳಿದ. ಸೀಗಡಿ ಎಂಬ ಶಬ್ದಕ್ಕೆ ಬಂದಾಗ ನನ್ನ ಬಾಯಲ್ಲಿದ್ದ ಹೆಸರುಬೇಳೆ ಅಲ್ಲೇ ನಿಂತಿತು. ನಾನು ಧೈರ್ಯವಂತನೆಂದು ನನ್ನ ಹೆಂಡತಿ ಈವರೆಗೂ ನಂಬಿದ್ದಾಳೆ. ಆ ಕ್ಷಣದಲ್ಲಿ ಅವಳು ಪಕ್ಕದಲ್ಲಿ ಇರಲಿಲ್ಲ, ಅದೊಂದು ಪುಣ್ಯ.

"ಅಮ್ಮ ಕುಡಿದ್ರಾ?" ಎಂದ.

"ಮೊದಲನೇ ಲೋಟ ಅವ್ರಿಗೇ ಕೊಟ್ಟಿದ್ದು."

ಪಾನಕದ ಕೊಳದಪ್ಪಲೆಯ ಮುಂದೆ ನೂರಾರು ಜನ. ಸೌಟು ಹಿಡಿದಿದ್ದವಳು ಆಂಜಿನಮ್ಮ. ಇಪ್ಪತ್ತು ವರ್ಷದಿಂದ ಪಾನಕ ಅವಳ ಕೈಯದ್ದೇ. ಕೋದಂಡರಾಮಪ್ಪ ಜನರ ನಡುವೆ ನುಗ್ಗಿ, "ನಿಲ್ಸಿ! ಯಾರೂ ಕುಡೀಬೇಡಿ!" ಎಂದು ಕಿರುಚಿದ. ಭಜನೆ ನಿಂತಿತು. ಎಲ್ಲರೂ ತಿರುಗಿ ನೋಡಿದರು. ಯಾಕೆ ಎಂಬುದನ್ನು ಹೇಳಲೇಬೇಕಲ್ಲ.

"ಹಲ್ಲಿ!" ಎಂದ. "ಹಲ್ಲಿ ಬಿದ್ದಿದೆ!"

"ಏಮಯ್ಯಾ?" ಆಂಜಿನಮ್ಮ ಸೌಟು ಎತ್ತಿಕೊಂಡಳು. "ನನ್ನ ಪಾನಕದಲ್ಲಿ ಹಲ್ಲಿನಾ? ಬೆಳಗ್ಗೆಯಿಂದ ಮಡೀಲಿ ನಿಂತು ಮಾಡಿದೀನಿ, ಹಲ್ಲಿನಾ? ಯಾವಾಗ ನೋಡ್ದೆ ನೀನು? ಈಗ ಬಂದೆಯಲ್ಲ! ಚೂಪಿಂಚು, ಎಲ್ಲಿದೆ ತೋರ್ಸು!"

"ಇಲ್ಲೇ... ಒಳಗೆ... ಕರಗಿರಬಹುದು."

"ಕರಗೋಕೆ ಅದೇನು ಬೆಲ್ಲನಾ?"

ಆದರೆ ಹಲ್ಲಿಯ ಹೆಸರಿಗೆ ಇರುವ ಶಕ್ತಿ ದೊಡ್ಡದು. ಮೊದಲು ಒಬ್ಬರಿಗೆ ಹೊಟ್ಟೆ ತೊಳಸಿತು, ಆಮೇಲೆ ಹತ್ತು ಜನಕ್ಕೆ. ನಾಲ್ಕು ಲೋಟ ಕುಡಿದಿದ್ದ ಒಬ್ಬರು ಕಂಬಕ್ಕೆ ಒರಗಿ, ಜಮೀನು ಯಾವ ಮಗನಿಗೆ ಎಷ್ಟು ಎಂದು ಹೇಳತೊಡಗಿದರು. ಹೆಂಗಸರು ಮಕ್ಕಳ ಬಾಯಿಗೆ ಬೆರಳು ಹಾಕಿದರು. ವೆಂಕಟರಾಯಪ್ಪನವರು ಎದೆ ಹಿಡಿದುಕೊಂಡು, "ನೀರು, ನೀರು," ಎನ್ನುತ್ತ ಗೇಟಿನ ಕಡೆ ನಡೆದರು. ಪಾನಕ ನಿಂತದ್ದರಿಂದ, ಏಪ್ರಿಲ್ ಬಿಸಿಲಲ್ಲಿ ಬಾಯಾರಿದ ಜನವೆಲ್ಲ ಅವರ ಹಿಂದೆಯೇ ಹೋಯಿತು. ಗೇಟಿನ ಹೊರಗೆ ಲತೀಫನ ಐಸ್ ಕ್ಯಾಂಡಿಯ ಸೈಕಲ್ ನಿಂತಿತ್ತು.

ಚಪ್ಪರದ ಮೂಲೆಯಲ್ಲಿ ರಾಮಲಕ್ಷ್ಮಮ್ಮನವರು ಜಪಮಣಿ ಹಿಡಿದು ಕೂತಿದ್ದರು. ಈ ಗಲಾಟೆಗೆ ಕದಲದೆ ಇದ್ದವರು ಅವರೊಬ್ಬರೇ. ಕೋದಂಡರಾಮಪ್ಪ ಹೋಗಿ ಅವರ ಕಾಲಿನ ಹತ್ತಿರ ಕುಸಿದ. ಅಳುತ್ತಿದ್ದ.

"ಅಮ್ಮ, ಹಲ್ಲಿ ಇಲ್ಲಮ್ಮ. ಹಲ್ಲಿ ಆಗಿದ್ರೆ ಎಷ್ಟೋ ವಾಸಿ ಇತ್ತು. ಆ ತಟ್ಟೇಲಿದ್ದದ್ದು ಕರಬೂಜ ಅಲ್ಲ. ಸಾಹೇಬರ ಮೀನಿಗೆ ಅಂತ ಮಾಡಿದ್ದು... ಅದು... ನಿನ್ನ ವ್ರತ ನಾನೇ ಹಾಳು ಮಾಡ್ದೆ. ಆವನಿಗೆ ಹೋಗ್ಬೇಡಮ್ಮ. ಬೇಕಾದ್ರೆ ನನ್ನ ಹೊಡಿ, ಹೋಗ್ಬೇಡ."

ಆಕೆ ಜಪಮಣಿ ಮಡಿಲಲ್ಲಿ ಇಟ್ಟರು.

"ಕರಬೂಜಕ್ಕೆ ಮೀಸೆ ಇರುತ್ತೇನೋ ಕೋದಂಡ?"

ಅವನು ತಲೆ ಎತ್ತಿದ.

"ಮೂಗು ಹೋಗಿದೆ ಸರಿ, ಕಣ್ಣಿಗೇನಾಗಿದೆ ನನಗೆ? ಭಾನುವಾರಾನೇ ನೋಡ್ದೆ. ಒಂದು ಗುಳೀಲಿ ಇಷ್ಟುದ್ದ ಮೀಸೆ ಆಚೆ ಬಂದಿತ್ತು. ನೀನಾಗೇ ಹೇಳ್ತೀಯ ಅಂತ ಐದು ದಿನ ಕಾದೆ. ದಿನಾ ಕೇಳ್ದೆ."

"ಹಂಗಾದ್ರೆ... ಪಾನಕಕ್ಕೆ ಹಾಕ್ಲಿಲ್ವಾ?"

"ನನಗೇನು ಹುಚ್ಚಾ? ಹಬ್ಬದ ದಿನ ಪೂಜೆ ಮನೇಲಿ ಅದು ಬೇಡ ಅಂತ ಪೇಪರಲ್ಲಿ ಸುತ್ತಿ ಆಚೆ ಕಳಿಸ್ದೆ. ಬಿಸಾಕೋಣ ಅಂದ್ರೆ ಆ ಮೂಕ ಜೀವಗಳು ಉಪವಾಸ ಬೀಳ್ತವೆ. ಅದಕ್ಕೇ ಲತೀಫನ ಐಸ್ ಡಬ್ಬದಲ್ಲಿ ಜೋಪಾನವಾಗಿ ಇಟ್ಕೊಳಪ್ಪಾ ಅಂತ ಕೊಟ್ಟಿದೀನಿ. ಸಾಯಂಕಾಲ ಇಸ್ಕೊ."

"ಒಳಗೇನಿದೆ ಅಂತ ಹೇಳಿದ್ಯಾ ಅವ್ನಿಗೆ?"

"ರಾಮನವಮಿ ದಿನ ಆ ಹೆಸರು ಹೇಗೋ ಬಾಯಲ್ಲಿ ಹೇಳ್ಲಿ?"

ಕೋದಂಡರಾಮಪ್ಪ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಇಬ್ಬರೂ ಒಟ್ಟಿಗೆ ಗೇಟಿನ ಕಡೆ ನೋಡಿದೆವು. ಅವನು ಹಲ್ಲಿಯ ಹೆಸರು ಹೇಳಿ ಎಬ್ಬಿಸಿದ ಜನವೆಲ್ಲ ಅಲ್ಲಿ ಲತೀಫನ ಡಬ್ಬವನ್ನು ಮುತ್ತಿಕೊಂಡಿತ್ತು.

ನಾವು ಹೋಗುವಷ್ಟರಲ್ಲಿ ಕ್ಯಾಂಡಿ ಖಾಲಿ. ಲತೀಫ್ ಕೈ ಅಲ್ಲಾಡಿಸುತ್ತಿದ್ದ. "ಆಯ್ತು, ಎಲ್ಲಾ ಆಯ್ತು, ಹೋಗಿ!"

"ತಟ್ಟೆ ಎಲ್ಲಿ ಲತೀಫ್? ಅಮ್ಮ ಕೊಟ್ಟಿದ್ದು!"

"ಇಲ್ಲೇ ಐತೆ ಸಾರ್, ಯಾರಿಗೂ ಕೊಟ್ಟಿಲ್ಲ. ಅಧ್ಯಕ್ಷರು ಮಾತ್ರ ಅದು ಯಾರ್ದು ಅಂತ ಕೇಳಿ, 'ರಾಮಲಕ್ಷ್ಮಮ್ಮನ ಮನೆ ಕರಬೂಜ, ಮಡೀದು' ಅಂತ ಅವ್ರೇ ಪೇಪರ್ ಬಿಚ್ಚಿ ಒಂದು ತಗೊಂಡ್ರು. ದೊಡ್ಡೋರು, ಬೇಡ ಅನ್ನೋಕಾಗ್ತದಾ?"

ಬೇವಿನ ಮರದ ಆಚೆ ಬದಿಯಲ್ಲಿ ವೆಂಕಟರಾಯಪ್ಪನವರು ನಿಂತಿದ್ದರು. ಕಣ್ಣು ಅರ್ಧ ಮುಚ್ಚಿತ್ತು. ಕೆನ್ನೆ ನಿಧಾನವಾಗಿ ಆಡುತ್ತಿತ್ತು. ಒಮ್ಮೆ ನಿಂತಿತು. ಮತ್ತೆ ಆಡಿತು. ಆಮೇಲೆ ಗಂಟಲು ಮೇಲಿಂದ ಕೆಳಗೆ ಇಳಿಯಿತು.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಈರುಳ್ಳಿಗೆ ಮಂದಿರದಿಂದ ಇಳಿಸಿದವರು ಇದಕ್ಕೆ ಊರಿಂದಲೇ ಓಡಿಸುತ್ತಾರೆ. ಅಮ್ಮ ಮಗ ಇಬ್ಬರೂ ಆವನಿಗೆ ಹೋಗಬೇಕಾಗುತ್ತದೆ. ಕೋದಂಡರಾಮಪ್ಪ ಕೈಮುಗಿದು ನಿಂತ.

ವೆಂಕಟರಾಯಪ್ಪನವರು ಕಣ್ಣು ತೆರೆದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ನಾನು ಮರದ ಈಚೆಗಿದ್ದದ್ದು ಅವರಿಗೆ ಕಾಣಲಿಲ್ಲ. ಕೋದಂಡರಾಮಪ್ಪನ ಹೆಗಲ ಮೇಲೆ ಕೈ ಹಾಕಿ, ಬಗ್ಗಿ, ತೀರಾ ಮೆಲ್ಲಗೆ ಕೇಳಿದರು.

"ಸಮುದ್ರದ್ದೋ, ಕೆರೇದೋ?"

"ಸ... ಸಮುದ್ರದ್ದು ಸಾರ್."

"ಅದಕ್ಕೇ," ಎಂದರು. "ಬೆಂದಿದ್ರೆ ಇನ್ನೂ..." ಎಂದು ಶುರುಮಾಡಿದವರು ಅಲ್ಲಿಗೆ ನಿಲ್ಲಿಸಿದರು. ಏನು ಹೇಳಿಬಿಟ್ಟೆ ಎಂಬುದು ಅವರಿಗೆ ಆಗಲೇ ಹೊಳೆದದ್ದು. ಹಣೆಯ ನಾಮದ ಪಕ್ಕದಲ್ಲಿ ಬೆವರು ಇಳಿಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಹೆದರಿದ ಇಬ್ಬರು ಗಂಡಸರನ್ನು ಅಷ್ಟು ಹತ್ತಿರದಿಂದ ನಾನು ಮತ್ತೆ ನೋಡಿಲ್ಲ.

ಮೊದಲು ಚೇತರಿಸಿಕೊಂಡವರು ಅಧ್ಯಕ್ಷರೇ. ನೆಟ್ಟಗೆ ಮಂದಿರದ ಜಗಲಿ ಹತ್ತಿ, ಕ್ಲಾಸಿನಲ್ಲಿ ಹೇಳುವ ದನಿಯಲ್ಲಿ, "ನಾನೇ ಪರೀಕ್ಷೆ ಮಾಡಿದೀನಿ! ಹಲ್ಲಿಯೂ ಇಲ್ಲ, ಗಿಲ್ಲಿಯೂ ಇಲ್ಲ. ಕೋದಂಡರಾಮಪ್ಪ ಬಿಸಿಲಿಗೆ ತಲೆ ತಿರುಗಿ ಏನೋ ಕಂಡಿದಾನೆ. ಎಲ್ಲ ಪವಿತ್ರವಾಗಿದೆ. ಆಂಜಿನಮ್ಮ, ಪಾನಕ ಬಡಿಸು!" ಎಂದರು. ಹೊಟ್ಟೆನೋವುಗಳೆಲ್ಲ ಆ ಕ್ಷಣಕ್ಕೆ ವಾಸಿಯಾದವು. ಜಮೀನು ಹಂಚುತ್ತಿದ್ದವರು ಐದನೆಯ ಲೋಟಕ್ಕೆ ಎದ್ದು ಬಂದರು. ಆಂಜಿನಮ್ಮ ಮಾತ್ರ ಕೋದಂಡರಾಮಪ್ಪನಿಗೆ ಆ ವರ್ಷವೂ ಕೊಡಲಿಲ್ಲ, ಮುಂದಿನ ಎರಡು ವರ್ಷವೂ ಕೊಡಲಿಲ್ಲ.

ಸಂಜೆ ನಾನು ಅವರ ಮನೆಗೆ ಹೋದೆ. ತಟ್ಟೆ ಮತ್ತೆ ಐಸಿನ ಅರೆ ಸೇರಿತ್ತು. ಮುಂದೆ ಚಾಪೆಯ ಮೇಲೆ ಕೂತು ಕೋದಂಡರಾಮಪ್ಪ ಬೆರಳು ಮಡಿಸಿ ಎಣಿಸುತ್ತಿದ್ದ. ಸಾಹೇಬರು ಬರುವುದಕ್ಕೆ ಇನ್ನೂ ಏಳು ದಿನ. ಉಳಿದ ಚೂರು ಆರು. ಒಂದು ಅಧ್ಯಕ್ಷರ ಹೊಟ್ಟೆಯಲ್ಲಿ. ರಾಯಲ್ಪಾಡು ಅವನ ಕಣ್ಣ ಮುಂದೆ ಬಂದು ನಿಂತಿತ್ತು.

"ಒಂದು ದಿನಕ್ಕೆ ಏನ್ಮಾಡ್ಲಮ್ಮ?" ಎಂದ. ಈ ಸಲ ಕೇಳಿಯೇಬಿಟ್ಟ.

ರಾಮಲಕ್ಷ್ಮಮ್ಮನವರು ನಶ್ಯದ ಡಬ್ಬಿಯ ಮುಚ್ಚಳ ತೆಗೆದು, ಒಂದು ಚಿಟಿಕೆ ಏರಿಸಿದರು.

"ನಾಡಿದ್ದು ಏಕಾದಶಿ," ಎಂದರು. "ನನ್ನ ಜೊತೆ ಅವೂ ಒಂದು ದಿನ ಇರ್ಲಿ ಬಿಡು."